ನಾನು ಓದಿದ ಎರಡನೇ ಪುಟ

ನಾನು ಒಂದು ಸ್ಕ್ಯಾನರ್. ಕಾಗದದ ನಕಲು ತೆಗೆಯುವ ಜಾತಿಯದಲ್ಲ. ಕಾರಿನ ಕಾಯಿಲೆ ಓದುವ ಯಂತ್ರ. ಸ್ಟೀರಿಂಗ್ ಕೆಳಗಿನ ಕಿಂಡಿಗೆ ನನ್ನ ವೈರು ಸಿಕ್ಕಿಸಿದರೆ ಗಾಡಿ ತನ್ನ ನೋವನ್ನೆಲ್ಲ ನನಗೆ ಹೇಳಿಕೊಳ್ಳುತ್ತದೆ. ಅದನ್ನು ನಾನು ಅಂಗೈಯಗಲದ ಪರದೆಯ ಮೇಲೆ ತೋರಿಸುತ್ತೇನೆ.

ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ. ಬಿಳಿ ಗವಸಿನ ಕೈಗಳು ನನ್ನ ಎದೆಗೆ ಗಾಜು ಕೂರಿಸಿದ್ದು ನೆನಪಿದೆ. ಆ ಕೈಗಳ ಮುಖ ಕಾಣಲಿಲ್ಲ. ಮೊದಲು ಬೆಳಗಾವಿಯ ದೊಡ್ಡ ವರ್ಕ್‌ಶಾಪಿನಲ್ಲಿ ದುಡಿದೆ. ಅಲ್ಲಿ ನನಗೆ ಒಡೆಯ ಅಂತ ಯಾರೂ ಇರಲಿಲ್ಲ. ಖಾಲಿ ಇದ್ದ ಕೈ ನನ್ನನ್ನು ಎತ್ತಿಕೊಳ್ಳುತ್ತಿತ್ತು, ಬೀಳಿಸುತ್ತಿತ್ತು. ಹೊಸ ಯಂತ್ರ ಬಂದಾಗ ನನ್ನನ್ನು ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಗೆ ಮಾರಿದರು.

ಅಲ್ಲಿಗೆ ಮೌನೇಶ ಬಡಿಗೇರ ಬಂದ. ಗದಗ ರಸ್ತೆಯಲ್ಲಿ ಆಗಷ್ಟೇ ಗ್ಯಾರೇಜು ಹಾಕಿದ್ದ. ಜೊತೆಗೆ ಹೆಂಡತಿ ವನಜಾ, ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿದವಳು. ಮೇಜಿನ ಮೇಲೆ ನಾವು ಮೂರು ಯಂತ್ರಗಳಿದ್ದೆವು. ಅಂಗಡಿಯವನು ಫಳಫಳ ಹೊಳೆಯುವ ಒಂದನ್ನೇ ಮುಂದೆ ಮುಂದೆ ತಳ್ಳುತ್ತಿದ್ದ. ಮೌನೇಶ ಯಾವುದಕ್ಕೂ ಹೂಂ ಅನ್ನಲಿಲ್ಲ. ವೈರಿನ ತುದಿಯ ಪಿನ್ನುಗಳು ಬಾಗಿವೆಯೇ ನೋಡಿದ, ಹಳೇ ಮಾಲೀಕರ ಲಾಕ್ ಬಿಚ್ಚಿದೆಯೇ ಕೇಳಿದ, ಕಡೆಗೆ ಅಂಗಡಿಯ ಮುಂದೆ ನಿಲ್ಲಿಸಿದ್ದ ಕಾರಿಗೆ ಮೂರನ್ನೂ ಒಂದೊಂದಾಗಿ ಚುಚ್ಚಿ ನೋಡಿದ.

“ಹೆಣ್ಣ ನೋಡಿದ್ಹಂಗ ನೋಡಾಕತ್ತೀರಲ್ರೀ!” ಅಂದ ಅಂಗಡಿಯವನು.

“ಹೆಣ್ಣ ನೋಡಾಕ ಬಂದಾಗ ಇಷ್ಟ ನೋಡಿರಲಿಲ್ರೀ ಇವರು,” ಅಂದಳು ವನಜಾ. “ಉಪ್ಪಿಟ್ಟು ತಿಂದು ಹೂಂ ಅಂದುಬಿಟ್ರು.”

“ಉಪ್ಪಿಟ್ಟು ಛಲೋ ಇತ್ತು,” ಅಂದ ಮೌನೇಶ, ತಲೆ ಎತ್ತದೆ.

ಹೊಳೆಯುವ ಯಂತ್ರ ದೋಷದ ಹೆಸರನ್ನಷ್ಟೇ ತೋರಿಸಿತು. ನಾನು ಎರಡನೇ ಪುಟವನ್ನೂ ತೆರೆದೆ. ದೋಷ ಹುಟ್ಟಿದ ಗಳಿಗೆಯಲ್ಲಿ ಗಾಡಿ ಎಷ್ಟು ವೇಗದಲ್ಲಿತ್ತು, ಎಂಜಿನ್ ಎಷ್ಟು ಕಾದಿತ್ತು ಎಲ್ಲ ಅದರಲ್ಲಿರುತ್ತದೆ. ಅವನು ಗೀರುಬಿದ್ದ ನನ್ನ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. “ಇದನ್ನ ಕೊಡ್ರಿ.”

ಅವನ ಕೈಯಲ್ಲಿ ನಾನು ಒಮ್ಮೆಯೂ ಬೀಳಲಿಲ್ಲ. ಎರಡನೇ ಪುಟ ಓದದೆ ಅವನು ಯಾವ ದೋಷವನ್ನೂ ಅಳಿಸುತ್ತಿರಲಿಲ್ಲ. ಒಮ್ಮೆ ಅಳಿಸಿದರೆ ಎರಡೂ ಪುಟಗಳು ಹೋಗುತ್ತವೆ, ಗಾಡಿಯಲ್ಲೂ ಉಳಿಯುವುದಿಲ್ಲ.

ಒಂದು ಮಧ್ಯಾಹ್ನ ಬಿಳಿ ಕಾರೊಂದು ಬಂತು. “ಓಡಿಕೋತನ ಒಮ್ಮೆಲೇ ಬಂದ್ ಬೀಳತೈತಿ,” ಅಂದಿದ್ದ ಅದರ ಮಾಲೀಕ. ನಾನು ಹುಡುಕಿದೆ, ಏನೂ ಸಿಗಲಿಲ್ಲ. ಓಡಿಸಿಯೇ ನೋಡಬೇಕೆಂದು ಮೌನೇಶ ಕೀಲಿ ತೆಗೆದುಕೊಂಡಾಗ ವನಜಾಳ ಫೋನು ಬಂತು. ಅಂದು ಅವಳ ತಂಗಿಯ ನಿಶ್ಚಯ.

“ಎಲ್ಲಾರೂ ಹೊಂಟು ನಿಂತಾರ. ಲಗೂನ ಬರ್ರಿ!”

“ಬಂದೆ. ಒಂದ್ ಸುತ್ತು ಹಾಕಿ ಬಂದೆ.”

ನನ್ನನ್ನು ಚಾರ್ಜಿಗೆ ಹಾಕಿ ಹೋದ. ಬರಲಿಲ್ಲ. ಬೈಪಾಸಿನ ಇಳಿಜಾರಿನಲ್ಲಿ ಕಾರು, ನಿಂತಿದ್ದ ಲಾರಿಗೆ ಬಡಿದಿತ್ತು.

ಹುಚ್ಚನ ಹಾಗೆ ಓಡಿಸಿದ ಅಂತ ಕಾರಿನ ಮಾಲೀಕ ಊರೆಲ್ಲ ಹೇಳಿದ. ಮೌನೇಶನ ತಾಯಿ ಕಲ್ಲವ್ವ ಬಂದವರನ್ನೆಲ್ಲ ಕೇಳುತ್ತಿದ್ದಳು: “ನನ್ನ ಮಗ ಯಾಕ ಅಷ್ಟ ಜೋರ ಹೋದ?” ವನಜಾ ಬಾಯಿ ಬಿಡುತ್ತಿರಲಿಲ್ಲ. ಆ ಫೋನಿನ ಮಾತು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು.

ಕೆಲವು ದಿನಗಳ ಮೇಲೆ ಅವಳು ನನ್ನನ್ನು ಚೀಲದಲ್ಲಿಟ್ಟುಕೊಂಡು ಪಕ್ಕದ ಗ್ಯಾರೇಜಿನ ದಸ್ತಗೀರನ ಬಳಿ ಹೋದಳು. “ಅಣ್ಣಾ, ಅವರು ಎಷ್ಟ ಜೋರ ಹೊಂಟಿದ್ರು? ಅಷ್ಟ ಗೊತ್ತಾದ್ರ ಸಾಕು.”

ಪೊಲೀಸ್ ಠಾಣೆಯ ಅಂಗಳದಲ್ಲಿ ಕಾರು ನುಜ್ಜುಗುಜ್ಜಾಗಿ ನಿಂತಿತ್ತು. ದಸ್ತಗೀರ ಪೊಲೀಸರನ್ನು ಕೇಳಿಕೊಂಡು ಬೇರೆ ಬ್ಯಾಟರಿ ತಂದು ಜೋಡಿಸಿದ. ನನ್ನನ್ನು ಕಿಂಡಿಗೆ ಚುಚ್ಚಿದ. ಗಾಡಿ ಮಾತಾಡಿತು.

ಮೊದಲ ಪುಟದ ತುಂಬ ದೋಷಗಳು. ಒಡೆದ ದೀಪ, ಹರಿದ ವೈರು, ಎಲ್ಲವೂ ಕೂಗುತ್ತಿದ್ದವು. ಅವುಗಳ ಹಿಂದೆ ಎರಡನೇ ಪುಟ ಇತ್ತು. ನಾನು ಓದಿದೆ. ಡಿಕ್ಕಿಗೆ ಮೊದಲೇ ಎಂಜಿನ್ ಬಂದ್ ಬಿದ್ದಿತ್ತು. ವೇಗ ಮೂವತ್ತೆಂಟು. ಕಾಲು ಬ್ರೇಕಿನ ಮೇಲಿತ್ತು. ಎಂಜಿನ್ ಬಂದ್ ಬಿದ್ದರೆ ಬ್ರೇಕೂ ಕಲ್ಲಿನ ಹಾಗೆ ಬಿಗಿಯಾಗುತ್ತದೆ.

ಇನ್ನೊಂದು ಗುಂಡಿ ಒತ್ತಿದ್ದರೆ ಅವರೂ ಓದುತ್ತಿದ್ದರು. ಆದರೆ ಗ್ಯಾರೇಜುಗಳಲ್ಲಿ ಒಂದು ರೂಢಿ ಇದೆ. ದೋಷ ರಾಶಿಯಾಗಿ ಕಂಡರೆ ಮೊದಲು ಎಲ್ಲ ಅಳಿಸಿ, ಗಾಡಿ ಚಾಲೂ ಮಾಡಿ, ಯಾವುದು ತಿರುಗಿ ಬರುತ್ತದೋ ಅದನ್ನೇ ಹಿಡಿಯುವುದು. ದಸ್ತಗೀರನ ಬೆರಳಿಗೆ ಅದೇ ಅಭ್ಯಾಸ. ಒತ್ತಿಬಿಟ್ಟ.

“ಏನ್ ಮಾಡಿದ್ರಿ?”

“ಕಸಾ ತಗದೆ ತಂಗೆವ್ವಾ. ಖರೇದು ಇದ್ರ ಮತ್ತ ಬರತೈತಿ.”

ಕೀಲಿ ತಿರುವಿದ. ಎಂಜಿನ್ನೇ ಒಡೆದಿದ್ದ ಗಾಡಿ ಮಿಸುಕಲಿಲ್ಲ. ಇನ್ನೊಮ್ಮೆ ತಿರುವಿದ. ವನಜಾಳಿಗೆ ಅವನಿಗಿಂತ ಮೊದಲೇ ಅರ್ಥವಾಯಿತು. ನನ್ನನ್ನು ಕೈಗೆ ತೆಗೆದುಕೊಂಡು ಎರಡನೇ ಪುಟದ ಗುಂಡಿ ತಾನೇ ಒತ್ತಿದಳು. ತೋರಿಸಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ದಸ್ತಗೀರನ ಕೈ ಕೀಲಿಯ ಮೇಲೇ ಇತ್ತು. “ತಂಗೆವ್ವಾ, ನನ್ನ ಕೈಗೆ ಹುಳಾ ಬೀಳ್ಲಿ...”

“ಹಂಗ ಅನಬ್ಯಾಡ್ರಿ ಅಣ್ಣಾ,” ಅಂದಳು. “ಬಿಸಿಲು ಭಾಳ ಐತಿ. ನಡೀರಿ.”

ಮನೆಯ ಹೊಸ್ತಿಲಲ್ಲಿ ಕಲ್ಲವ್ವ ಕಾಯುತ್ತಿದ್ದಳು. “ಏನ್ ಹೇಳ್ತವ್ವಾ ಅದು?”

ವನಜಾ ಚೀಲದ ಬಾಯಿ ಬಿಗಿಹಿಡಿದಳು.

“ಸಾವಕಾಶನ ಹೊಂಟಿದ್ರಂತ್ರೀ ಅತ್ತಿ. ಗಾಡಿನ ಬಂದ್ ಬಿತ್ತಂತ.”

“ಖರೇನ?”

“ಖರೇರಿ.”

ಮುದುಕಿ ಅಲ್ಲೇ ಕುಸಿದು ಕೂತು ಅತ್ತಳು. ಆಮೇಲೆ ಎದ್ದು, ಎಷ್ಟೋ ದಿನಗಳ ಮೇಲೆ, ತಾನಾಗಿಯೇ ಅನ್ನ ಬಡಿಸಿಕೊಂಡಳು. ವನಜಾ ಉಣ್ಣಲಿಲ್ಲ.

ನನ್ನನ್ನು ಕೊಳ್ಳಲು ಒಬ್ಬಿಬ್ಬರು ಬಂದರು. ಅವಳು ಕೊಡಲಿಲ್ಲ. ಈಗ ಕಪಾಟಿನ ಕೆಳಗಿನ ಖಾನೆಯಲ್ಲಿದ್ದೇನೆ. ಬ್ಯಾಟರಿ ಉಬ್ಬಿ ಬೆನ್ನು ಸೀಳಿದೆ, ನನ್ನ ಪರದೆ ಇನ್ನು ಬೆಳಗದು. ನಮ್ಮಂಥವರ ಮುಪ್ಪು ಹೀಗೇ. ಓದಿದ್ದು ಒಳಗಿರುತ್ತದೆ, ಹೇಳುವ ಬಾಯಿ ಹೋಗಿರುತ್ತದೆ.

ಮನೆಗೆ ಯಾರೇ ಬರಲಿ, ಕಲ್ಲವ್ವ ಹೇಳುತ್ತಾಳೆ: “ನನ್ನ ಮಗ ಸಾವಕಾಶನ ಹೊಂಟಿದ್ದ. ನನ್ನ ಸೊಸಿ ಹೋಗಿ ನೋಡಿಕೊಂಡ ಬಂದಾಳ.” ಆಗ ವನಜಾ ಎದ್ದು ಒಳಗೆ ಬರುತ್ತಾಳೆ, ಕಪಾಟಿಗೆ ಹಣೆ ಹಚ್ಚಿ ನಿಲ್ಲುತ್ತಾಳೆ. ತಾನು ಅತ್ತೆಗೆ ಸುಳ್ಳು ಹೇಳಿದೆನೆಂದು ನಂಬಿದ್ದಾಳೆ.

ಹಲಗೆಯ ಈಚೆ ನಾನಿದ್ದೇನೆ. ನೀನು ಹೇಳಿದ್ದು ನಿಜ, ತಾಯಿ.