ಕರೆಮ್ಮನ ತವರು

ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದರೆ ಸುಮೇಧಾ ‘ಮ್ಯೂಸಿಯಂನಲ್ಲಿ’ ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದಳು. ಅದು ಸುಳ್ಳಲ್ಲ. ಆದರೆ ಮ್ಯೂಸಿಯಂನ ಅಂಗಡಿಯಲ್ಲಿ ಎಂಬ ಮಾತು ಗಂಟಲು ದಾಟುತ್ತಿರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ, ಬಳ್ಳಾರಿಯ ಗಾಂಧಿನಗರದ ಸೊಸೆ ಐವತ್ತರ ಹತ್ತಿರ ಬಂದು ಕೀಚೈನು ಮಾರುತ್ತಾಳೆ ಎಂದರೆ ಮನೆಯವರಿಗೂ ಮುಜುಗರ. ಅತ್ತೆ ತಿರುಮಲಮ್ಮ ನೆಂಟರ ಮುಂದೆ, ಸೊಸೆ ಹಳೇ ಸಾಮಾನಿನ ಆಫೀಸಿಗೆ ಹೋಗುತ್ತಾಳೆ ಎನ್ನುತ್ತಿದ್ದರು. ಒಮ್ಮೆ ಮಾತ್ರ, ಮನೆಯಲ್ಲಿ ಇಬ್ಬರೇ ಇದ್ದಾಗ, “ಮಾರೋದ ಮಾರ್ತಿ, ಒಂದೀಟು ಉಪಯೋಗಕ್ಕ ಬರೋದನ್ನರ ಮಾರಬಾರದೇನ?” ಎಂದು ಕೇಳಿದ್ದರು.

ಹಾಗಂತ ಸುಮೇಧಾ ಆ ಅಂಗಡಿಯನ್ನು ಕೈಬಿಟ್ಟವಳಲ್ಲ. ಅವಳು ಬಂದಾಗ ಅಲ್ಲಿದ್ದದ್ದು ಎಲ್ಲಿಂದಲೋ ಬಂದ ಪ್ಲಾಸ್ಟಿಕ್ ಆನೆ, ಒಂಟೆಗಳು. ಬಳ್ಳಾರಿಯಲ್ಲಿ ಒಂಟೆ ಯಾಕೆ ಎಂದು ಅವಳೇ ತೆಗೆಸಿದಳು. ಜೀನ್ಸ್ ಹೊಲಿಯುವ ಹೆಂಗಸರಿಂದ ಉಳಿದ ತುಂಡುಬಟ್ಟೆ ತರಿಸಿ, ಹಿಂದಿನವರು ಬಂಡೆಯ ಮೇಲೆ ಕೊರೆದ ಗೂಳಿಗಳ ಚಿತ್ರವನ್ನು ಹೊಲಿಸಿ ಚೀಲ ಮಾಡಿಸಿದಳು. ಕುರುಗೋಡಿಗೆ ಹೋಗಿ ಕಲ್ಲಿನ ಕೆಲಸದ ಮರಿಬಸಪ್ಪನನ್ನು ಹುಡುಕಿದಳು. ಮ್ಯೂಸಿಯಂನಲ್ಲಿದ್ದ ಹೊಸ ಶಿಲಾಯುಗದ ಕಲ್ಲುಕೊಡಲಿಯ ಹಾಗೆಯೇ ಒಂದು ಬೇಕು ಎಂದಾಗ ಆತ ಯಂತ್ರ ಮುಟ್ಟಲಿಲ್ಲ. ಕರಿಕಲ್ಲನ್ನು ಬಂಡೆಯ ಮೇಲೆ ಮರಳು, ನೀರು ಹಾಕಿ ತಿಕ್ಕಿ ತಿಕ್ಕಿ ನುಣುಪು ಮಾಡಿ ಕೊಟ್ಟ. ಒಳಗಿನ ಪ್ರತಿ ಕೋಣೆಯಲ್ಲೂ ‘ಮುಟ್ಟಬೇಡಿ’ ಎಂಬ ಫಲಕವಿತ್ತು. ಅಂಗಡಿಯ ಕಪಾಟಿಗೆ ಸುಮೇಧಾ ‘ಮುಟ್ಟಿ ನೋಡಿ’ ಎಂದು ಬರೆದು ಅಂಟಿಸಿದಳು.

ಆ ಬುಧವಾರ ಸಿರುಗುಪ್ಪದ ಕಡೆಯಿಂದ ಒಂದು ಟೆಂಪೋದಲ್ಲಿ ಆರು ಜನ ಹೆಂಗಸರು ಬಂದಿಳಿದರು. ಮುಂದಾಳು ಹುಲುಗಮ್ಮ, ಎಪ್ಪತ್ತು ದಾಟಿದವಳು. ತೆಕ್ಕಲಕೋಟೆಯಿಂದಾಚೆ ಒಂದು ಹಳ್ಳಿ ಅವರದು. ಅವರು ನೋಡಲು ಬಂದವರಲ್ಲ, ಒಯ್ಯಲು ಬಂದವರು. ಊರಿನ ಬೇವಿನ ಮರದ ಬುಡದಲ್ಲಿ ಅರಿಶಿನ ಹಚ್ಚಿಸಿಕೊಂಡು ಕೂತಿದ್ದ ಕರೆಮ್ಮನೆಂಬ ಕಲ್ಲುದೇವರನ್ನು, ಹುಲುಗಮ್ಮನ ಅತ್ತೆ ಹಿಂದೆ ಯಾವಾಗಲೋ ಊರಿಗೆ ಬಂದಿದ್ದ ಒಬ್ಬ ಸಾಹೇಬರ ಕೈಗೆ ತಾನಾಗಿಯೇ ಕೊಟ್ಟಿದ್ದಳಂತೆ. ನಾಲ್ಕು ಜನ ನೋಡಲಿ ಎಂದು. ಈಗ ಊರಿನ ಮಹಿಳಾ ಸಂಘದವರೆಲ್ಲ ಸೇರಿ ಮರಕ್ಕೆ ಹೊಸ ಕಟ್ಟೆ ಕಟ್ಟಿಸಿದ್ದಾರೆ. ಶುಕ್ರವಾರ ಪೂಜೆ. ಕಟ್ಟೆ ಇದೆ, ಕರೆಮ್ಮನಿಲ್ಲ.

ಮ್ಯೂಸಿಯಂ ನೋಡಿಕೊಳ್ಳುವ ಚಿದಾನಂದಪ್ಪನವರು ಅವರಿಗೆ ಚಹಾ ಕುಡಿಸಿ, ಇದು ತನ್ನ ಕೈಯಲ್ಲಿಲ್ಲ, ಒಮ್ಮೆ ಒಳಗೆ ಬಂದದ್ದನ್ನು ಕೊಡಲು ಬರುವುದಿಲ್ಲ ಎಂದು ಬಿಡಿಸಿ ಹೇಳಿದರು. ಹೆಂಗಸರು ಜಗಳವಾಡಲಿಲ್ಲ. ಮ್ಯೂಸಿಯಂನ ಆ ಕಲ್ಲುಕೊಡಲಿಯೇ ಅವರ ಕರೆಮ್ಮ. ಅದರ ಗಾಜಿನ ಪೆಟ್ಟಿಗೆಯ ಮುಂದೆ ಕೈ ಮುಗಿದು, ಮುಖ ಸಣ್ಣದು ಮಾಡಿಕೊಂಡು ಹೊರಟರು. ಹೊರಗೆ ಹೋಗುವ ದಾರಿ ಅಂಗಡಿಯ ಮೂಲಕವೇ.

ಹುಲುಗಮ್ಮ ಹೊಸ್ತಿಲಲ್ಲೇ ನಿಂತಳು. ಕಪಾಟಿನಲ್ಲಿದ್ದ ಮರಿಬಸಪ್ಪನ ಕೊಡಲಿಯ ಕಡೆ ನೋಡಿ ಚಪ್ಪಲಿ ಕಳಚಿದಳು.

“ಅಮ್ಮಾರ, ಆಕಿ ಇಲ್ಲೂ ಅದಾಳಲ್ರಿ!”

ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಸುಮೇಧಾಗೆ ಒಂದು ಗಳಿಗೆ ಹಾಗನ್ನಿಸಿತು ಕೂಡ. ಆದರೆ ಬಾಯಿ ನಿಜವನ್ನೇ ಹೇಳಿತು. ಇದು ಕುರುಗೋಡಿನಲ್ಲಿ ಮಾಡಿಸಿದ್ದು, ಮೊನ್ನೆ ಮೊನ್ನೆಯದು, ಮಾರುವುದಕ್ಕೆ ಇಟ್ಟದ್ದು.

ಹಿಂದೆ ನಿಂತಿದ್ದ ಶಶಿರೇಖಾ ಎಂಬ ಹರೆಯದವಳು ನಕ್ಕಳು. “ಪ್ಲಾಸ್ಟಿಕ್ ಹೂವು ಮುಡಿಸಿದಂಗ ಆತು ಬಿಡ್ರಿ. ನಡೀರಿ ಅತ್ತಿ, ಟೆಂಪೋದಾವ ಕಾಯಾಕತ್ತ್ಯಾನ.”

ಆ ಮಾತು ಸುಮೇಧಾಗೆ ನಾಟಿತು. ತನ್ನನ್ನು ಅಂದಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಮರಿಬಸಪ್ಪನ ಕಲ್ಲನ್ನು ಅಂದದ್ದು ತಡೆಯಲಾಗಲಿಲ್ಲ. ಕೊಡಲಿಯನ್ನು ಎತ್ತಿ ಹುಲುಗಮ್ಮನ ಎರಡೂ ಕೈಗೆ ಇಟ್ಟಳು. ಆ ಮನುಷ್ಯ ಹೇಗೆ ಕೂತು ತಿಕ್ಕಿದ, ಹಿಂದಿನವರು ಮಾಡಿದ್ದು ಹೀಗೆಯೇ ಎಂದು ಹೇಗೆ ಹಟ ಹಿಡಿದ, ಎಲ್ಲವನ್ನೂ ಹೇಳಿದಳು. ಇಷ್ಟು ದಿನ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದು ಒಂದೇ ಉಸಿರಿಗೆ ಹೊರಗೆ ಬಂದಿತ್ತು.

ಹುಲುಗಮ್ಮ ಕಲ್ಲನ್ನು ತೂಗಿ ನೋಡಿದಳು, ಕೆನ್ನೆಗೆ ಒತ್ತಿಕೊಂಡಳು. ಈ ಮುದುಕಿ ಅದನ್ನು ತಿರುಗಿ ಕಪಾಟಿನಲ್ಲಿ ಇಟ್ಟುಬಿಟ್ಟರೆ ತಾನು ನಿಜಕ್ಕೂ ಆಟಿಕೆ ಮಾರುವವಳೇ ಎಂದು ಸುಮೇಧಾಗೆ ಅನ್ನಿಸಿತು.

“ಹಳೇ ಕೊಡದ ನೀರು ಹೊಸಾ ಕೊಡಕ್ಕ ಸುರದ್ರ ನೀರೇನು ಬ್ಯಾರೆ ಆಗತೈತೇನಲೇ?” ಎಂದು ಹುಲುಗಮ್ಮ ಶಶಿರೇಖಾಳನ್ನೇ ಕೇಳಿದಳು. ಆಮೇಲೆ ಸುಮೇಧಾಳ ಕಡೆ ತಿರುಗಿ, “ಒಳಗ ಕರಕೊಂಡು ಹೋಗ್ರಿ. ಹಳೇಕಿ ಹೊಸಾಕಿ ಒಮ್ಮೆ ಮುಟ್ಟಬೇಕು” ಎಂದಳು.

ಪೆಟ್ಟಿಗೆ ತೆಗೆಯಲು ಬರುವುದಿಲ್ಲವೆಂದು ಚಿದಾನಂದಪ್ಪನವರು ಪೇಚಾಡಿಕೊಂಡರು. ಅದಕ್ಕೂ ಹುಲುಗಮ್ಮನಲ್ಲಿ ಉತ್ತರವಿತ್ತು. ಗಾಜು ಮನುಷ್ಯರಿಗೆ ಅಡ್ಡ, ಆಕೆಗಲ್ಲ. ಕರೆಮ್ಮ ಮಲಗಿದ್ದ ಜಾಗಕ್ಕೆ ಸರಿಯಾಗಿ ಗಾಜಿನ ಮೇಲೆ ಹೊಸ ಕಲ್ಲನ್ನು ಇಟ್ಟು ಎಲ್ಲರೂ ಕಣ್ಣು ಮುಚ್ಚಿದರು. ಚಿದಾನಂದಪ್ಪನವರೂ ಅತ್ತಿತ್ತ ನೋಡಿ ಕೈ ಮುಗಿದರು.

ತೊಡಕು ಬಂದದ್ದು ಆಮೇಲೆ. ಸುಮೇಧಾ ಕಲ್ಲನ್ನು ಕಾಗದದಲ್ಲಿ ಸುತ್ತಲು ಹೋದಾಗ ಹುಲುಗಮ್ಮ ತಡೆದಳು. ದೇವರನ್ನು ಕೊಂಡು ತರುವುದಿಲ್ಲ, ಮಗಳನ್ನು ಕಳಿಸಿದ ಹಾಗೆ ಕಳಿಸಬೇಕು. ಉಡಿ ತುಂಬಬೇಕು. ಅಕ್ಕಿಯೂ ಕೊಡುವವರ ಮನೆಯದೇ ಆಗಬೇಕು.

ಸುಮೇಧಾ ಮನೆಗೆ ಫೋನು ಮಾಡಿದಳು. ಬೈಗುಳಕ್ಕೆ ತಯಾರಾಗಿಯೇ ಇದ್ದಳು. ಅತ್ತೆ ಎಲ್ಲವನ್ನೂ ಕೇಳಿ ಫೋನು ಇಟ್ಟರು. ಸ್ವಲ್ಪ ಹೊತ್ತಿಗೆ ಅಂಗಡಿಯ ಮುಂದೆ ಆಟೋ ನಿಂತಿತು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಈ ಕಡೆ ಬಾರದ ತಿರುಮಲಮ್ಮ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕುಂಕುಮ, ಎಲೆ ಅಡಿಕೆ, ರವಿಕೆಗೆಂದು ಹಸಿರು ಕುಬಸದ ಕಣ ಹಿಡಿದು ಇಳಿದರು. ಸುತ್ತಲೂ ನೋಡಿ, ಗೂಳಿಯ ಚೀಲ ಒಂದನ್ನು ಕೈಯಿಂದ ಸವರಿ, ಸಾಮಾನನ್ನು ಸೊಸೆಯ ಕೈಗೆ ಕೊಟ್ಟರು.

ಸುಮೇಧಾ ಹುಲುಗಮ್ಮನ ಸೆರಗಿಗೆ ಅಕ್ಕಿ ಸುರಿದಳು, ಕೊಬ್ಬರಿ ಇಟ್ಟಳು, ಅದರ ಮೇಲೆ ಮೆಲ್ಲಗೆ ಕಲ್ಲನ್ನು ಇಟ್ಟಳು. ಕಲ್ಲಿನ ಬೆಲೆಯನ್ನು ತಾನೇ ಕಟ್ಟಿ, ರಸೀದಿಯನ್ನು ತನ್ನ ಹೆಸರಿಗೇ ಬರೆದುಕೊಂಡಳು.

ಸೆರಗು ಬಿಗಿದು ಕಟ್ಟಿಕೊಂಡ ಹುಲುಗಮ್ಮ ಈಗ ‘ಅಮ್ಮಾರ’ ಎನ್ನಲಿಲ್ಲ. “ತಂಗೀ, ಶುಕ್ರವಾರ ನಾಕು ಊರಿನ ಮಂದಿ ಸೇರತೈತಿ. ಕರೆಮ್ಮ ಯಾವ ಮನಿಯಿಂದ ಬಂದ್ಳು ಅಂತ ಕೇಳ್ತಾರ. ಏನ್ ಹೇಳ್ಲಿ?”

ಅತ್ತೆ ಪಕ್ಕದಲ್ಲೇ ಇದ್ದರು. ಚಿದಾನಂದಪ್ಪನವರು ಬಾಗಿಲಲ್ಲಿದ್ದರು.

“ಮ್ಯೂಸಿಯಮ್ಮಿನ ಅಂಗಡಿಯಿಂದ ಅಂತ ಹೇಳ್ರಿ ಅಕ್ಕಾ. ಅಂಗಡಿ ಸುಮೇಧಾ ಕಳಿಸಿದ್ಲು ಅನ್ರಿ.”

“ಹಂಗಾರ ನೀನೂ ಬಾ. ತವರಿನವರು ಬರದಿದ್ರ ಹೆಂಗ?”

“ಬರ್ತೀವಿ,” ಎಂದವರು ತಿರುಮಲಮ್ಮ.

ಟೆಂಪೋ ಹೊರಟ ಮೇಲೆ ಸುಮೇಧಾ ಕುರುಗೋಡಿನ ಮರಿಬಸಪ್ಪನಿಗೆ ಫೋನು ಹಚ್ಚಿ ನಡೆದದ್ದನ್ನೆಲ್ಲ ಹೇಳಿದಳು. ಆ ಕಡೆ ಉಳಿಯ ಸದ್ದು ನಿಂತಿತು.

“ಮೊದ್ಲ ಹೇಳಬಾರದಿತ್ತೇನ್ರಿ ಅಕ್ಕಾರ? ಜಳಕಾ ಮಾಡಿ ತಿಕ್ಕಾಕ ಕುಂದರ್ತಿದ್ದೆ.”

ಸುಮೇಧಾ ನಗುತ್ತ, ಶುಕ್ರವಾರ ಜಳಕ ಮಾಡಿಕೊಂಡು ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಬಾ, ಇಲ್ಲಿಂದ ಒಟ್ಟಿಗೇ ಹೋಗೋಣ ಎಂದಳು. ಎಲ್ಲಿಗೆ ಬರಲಿ ಎಂದು ಆತ ಕೇಳಿದಾಗ ದನಿ ತಗ್ಗಿಸಲಿಲ್ಲ.

“ನಮ್ಮ ಅಂಗಡಿಗೆ ಬಾ.”