ಸೌಟಿನ ಸದ್ದು

"ಇನ್ನೂ ಎತ್ತಬ್ಯಾಡ್ರಿ!" ಹೆಣಕ್ಕೆ ಕೈಹಾಕಿದ್ದ ಗಂಡಸರನ್ನು ಮಂದಾಕಿನಿ ತಡೆದಳು. "ಜಯತೀರ್ಥಣ್ಣ ಎರಡು ಮಾತು ಹೇಳ್ತಾರ."

"ಬಿಸಲೇರಲಿಕ್ಕತ್ತದ, ಮಂದಾ," ಎಂದು ಅಣ್ಣ ಪ್ರಹ್ಲಾದ ಗೊಣಗಿದ.

ಕಾಚಿಗುಡದ ಆ ಮನೆಯ ಪಡಸಾಲೆಯಲ್ಲಿ ಅವರ ಅವ್ವ ಸುಂದರಾಬಾಯಿ ಮಲಗಿದ್ದಳು. ಬದುಕಿದ್ದಾಗ ಅಲ್ಲಿ ಒಂದು ಮೂಲೆಯೂ ಸಿಕ್ಕಿರಲಿಲ್ಲ. ಸತ್ತ ಮೇಲೆ ನಟ್ಟನಡುವೆಯೇ ಜಾಗ ಕೊಟ್ಟಿದ್ದರು.

ಅಪ್ಪನ ಹಳೆಯ ಶಿಷ್ಯ, ತತ್ವಶಾಸ್ತ್ರದ ನಿವೃತ್ತ ಪ್ರೊಫೆಸರ್ ಜಯತೀರ್ಥರು ಲಿಂಗಂಪಲ್ಲಿಯಿಂದ ಲೋಕಲ್ ಟ್ರೇನಿಗೆ ಬಂದಿದ್ದರು. ಮಂದಾಕಿನಿ ಅವರ ಹತ್ತಿರ ಹೋಗಿ ದನಿ ತಗ್ಗಿಸಿದಳು.

"ಇವತ್ತಾದ್ರೂ ಖರೇ ಹೇಳ್ರಿ. ಅಕ್ಕಿ-ಹರಳಿನ ಮಾತು ಯಾರದು ಅಂತ."

"ಈಗ್ಯಾಕ ತಂಗಿ ಅದೆಲ್ಲಾ? ಮಂದಿ ಏನಂದಾರು?"

*

ಆಗೆಲ್ಲ ಸಂಜೆಯಾದರೆ ಪಡಸಾಲೆಯಲ್ಲಿ ಅಪ್ಪ ನರಹರಿ ಆಚಾರ್ಯರ ವೇದಾಂತ ಪಾಠ. ಹೆಂಗಸರು ಕೂರುವಂತಿರಲಿಲ್ಲ. ಆದರೆ ವಾದ ಎಲ್ಲಾದರೂ ಜಾರಿದರೆ ಅಡುಗೆಮನೆಯಿಂದ ಸೌಟು ತಂಬಿಗೆಗೆ ಬಡಿದು ಟಣ್ ಎನ್ನುತ್ತಿತ್ತು. ಆಚಾರ್ಯರು ಕೆಮ್ಮಿ, "ಅಲ್ಲಲ್ಲ, ಮತ್ತ ನೋಡೂಣು," ಎಂದು ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತಿದ್ದರು. ತಪ್ಪು ಹಿಡಿಯಲು ಹೆಂಡತಿ ಬೇಕು, ಅವಳಿಗೊಂದು ಚಾಪೆ ಹಾಸಲು ಮಾತ್ರ ಶಾಸ್ತ್ರ ಅಡ್ಡ! ಶಿಷ್ಯರಿಗೂ ರೂಢಿಯಾಗಿತ್ತು: ಸದ್ದು ಕೇಳಿದರೆ ಬಾಯಿ ಮುಚ್ಚಬೇಕು.

ಒಮ್ಮೆ ಜಯತೀರ್ಥ ನೀರು ಕೇಳುವ ನೆವದಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದ.

"ಕಾಕು, ಒಂದು ವಸ್ತು ಇನ್ನೊಂದರಕಿಂತ ಬ್ಯಾರೆ ಅಂತ ಹೆಂಗ ತಿಳೀತದರಿ?"

ಅವ್ವ ಮೊರದಿಂದ ಕಣ್ಣೆತ್ತಲಿಲ್ಲ. "ಅಕ್ಕಿಯೊಳಗ ಹರಳು ಕಂಡ ಮ್ಯಾಲೆ, ಅದು ಅಕ್ಕಿ ಅಲ್ಲ ಅಂತ ಮತ್ತ ತಿಳೀಬೇಕೇನಪಾ? ಹರಳು ಕಾಣೂದು, ಬ್ಯಾರೆ ಕಾಣೂದು, ಎರಡೂ ಒಂದ."

ಆ ಅಕ್ಕಿ-ಹರಳಿನ ಮೇಲೆಯೇ ಜಯತೀರ್ಥರಿಗೆ ಡಾಕ್ಟರೇಟ್ ಬಂತು, ಕುರ್ಚಿ ಬಂತು, ಊರೂರಲ್ಲಿ ಶಾಲು ಬಂತು. ಪುಸ್ತಕದ ಮುನ್ನುಡಿಯಲ್ಲಿ ಗುರುಪತ್ನಿಗೂ ಒಂದು ಕೃತಜ್ಞತೆ ಇತ್ತು, ರುಚಿಯಾದ ಸಾರಿಗೆ. ಮಂದಾಕಿನಿ ಸಿಟ್ಟಿನಿಂದ ಓದಿ ಹೇಳಿದಾಗ ಅವ್ವ ಒಗ್ಗರಣೆ ಕೈಯಾಡಿಸುತ್ತಲೇ, "ಸಾರಾದ್ರೂ ನಂದು ಅಂತ ಒಪ್ಪಿಕೊಂಡಾನಲ್ಲ," ಎಂದಿದ್ದಳು. ಆ ರಾತ್ರಿ ಅವ್ವ ಊಟ ಮಾಡಲಿಲ್ಲ.

*

ಜಯತೀರ್ಥರು ಹೆಗಲ ಶಾಲು ಸರಿಪಡಿಸಿಕೊಂಡು ಹೆಣದ ಮುಂದೆ ನಿಂತರು.

"ಸುಂದರಾಕಾಕು ಅಂದ್ರ ಸಾಕ್ಷಾತ್ ಅನ್ನಪೂರ್ಣೆ. ಅವರ ಕೈತುತ್ತು ಉಂಡು ಬೆಳದವರು ನಾವು."

ಪ್ರಹ್ಲಾದ ಕಣ್ಣೊರೆಸಿಕೊಂಡ. ಮಂದಾಕಿನಿಗೆ ಮೈಯೆಲ್ಲ ಉರಿಯಿತು. ಹೊತ್ತುಕೊಂಡು ಹೋದ ಮೇಲೆ ಇನ್ನು ಯಾರು ಹೇಳುತ್ತಾರೆ? ಅವಳು ಸರಸರನೆ ಒಳಗೆ ನಡೆದಳು. ಆ ದಿನ ಒಲೆ ಹೊತ್ತಿಸದ ಅಡುಗೆಮನೆ ತಣ್ಣಗಿತ್ತು. ಸೌಟು, ತಂಬಿಗೆ ಅವ್ವ ಇಟ್ಟಲ್ಲೇ ಇದ್ದವು.

ಹೊರಗೆ ದನಿ ಏರಿತು. "ಕಾಕುಗ ಶಾಸ್ತ್ರದ ಗೊಡವಿ ಇರಲಿಲ್ಲ. ಸೇವಾನ ಅವರ ಜ್ಞಾನ..."

ಟಣ್!

ಜಯತೀರ್ಥರ ಬಾಯಿ ತಟ್ಟನೆ ಮುಚ್ಚಿತು. ಕೆಮ್ಮಿದರು. "ಅಲ್ಲಲ್ಲ..." ಎಂದವರು ಪಾಠ ತಪ್ಪಿದ ಹುಡುಗನ ಹಾಗೆ ಅಡುಗೆಮನೆಯ ಬಾಗಿಲನ್ನೇ ನೋಡುತ್ತ ನಿಂತರು. ಪಡಸಾಲೆಯಲ್ಲಿ ಎಲ್ಲರೂ ಅತ್ತಲೇ ತಿರುಗಿದರು.

ಮಂದಾಕಿನಿ ಹೊಸ್ತಿಲ ಮೇಲೆ ನಿಂತಿದ್ದಳು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಸೌಟು ಮತ್ತೊಮ್ಮೆ ಬಡಿಯಲು ಎತ್ತಿದಂತೆಯೇ ಇತ್ತು.