ಮಾಲ್‌ನಲ್ಲಿ ನಡೆಯುತ್ತಿದ್ದವರ ಅರವತ್ತಾರು ಹಸಿರು ಚುಕ್ಕಿ

ಎಮಿಲ್‌ನ ಎಡಗಾಲು ಮತ್ತೆ ನೆಲಕ್ಕೆ ಊರಲು ಕಲಿತದ್ದು ಮೆಡೋಬ್ರೂಕ್ ಮಾಲ್‌ನೊಳಗೆ. ಪಾರ್ಶ್ವವಾಯು ಬಡಿದ ಮೇಲೆ ಡಾಕ್ಟರು, "ದಿನಾ ನಡೆಸಿ, ಒಂದು ವಾರ ಬಿಟ್ಟರೂ ಕಾಲು ಮರೆತುಬಿಡುತ್ತೆ" ಎಂದಿದ್ದರು. ಕ್ಲೀವ್‌ಲ್ಯಾಂಡ್ ಪಕ್ಕದ ಆ ಊರಿನಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಹೊರಗೆಲ್ಲ ಮಂಜುಗಡ್ಡೆ. ಹಾಗಾಗಿ ಬರ್ನಡೀನ್ ಗಂಡನನ್ನು ಬೆಳಿಗ್ಗೆ ಏಳಕ್ಕೆ, ಅಂಗಡಿಗಳು ತೆರೆಯುವ ಮುನ್ನ, ಮಾಲ್‌ಗೆ ಕರೆದೊಯ್ಯುತ್ತಿದ್ದಳು. ಇವರಂತೆಯೇ ಇನ್ನೂ ಇಪ್ಪತ್ತು ಮುದುಕ ಮುದುಕಿಯರು ಅಲ್ಲಿ ಸುತ್ತು ಹಾಕುತ್ತಿದ್ದರು.

ಆ ಮಾಲ್ ಅವಳ ಕಣ್ಣೆದುರೇ ಎದ್ದದ್ದು. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅದು ಬಾಗಿಲು ತೆರೆದ ದಿನ ಕಾರು ನಿಲ್ಲಿಸಲು ಜಾಗ ಸಿಗದೆ ಅರ್ಧ ಮೈಲಿ ನಡೆದಿದ್ದಳು. ಎಷ್ಟೋ ಕ್ರಿಸ್‌ಮಸ್‌ಗಳಲ್ಲಿ ಅಲ್ಲಿನ ದೊಡ್ಡ ಅಂಗಡಿಯಲ್ಲಿ ಉಡುಗೊರೆಗೆ ಬಣ್ಣದ ಕಾಗದ ಸುತ್ತುವ ಕೆಲಸ ಮಾಡಿದ್ದಳು. ಆಮೇಲೆ ಆ ಅಂಗಡಿ ಹೋಯಿತು. ಹಿಂದೆಯೇ ಚಿಕ್ಕವೂ ಹೋದವು. ಹೊಸ ಮಾಲೀಕರು ಸೂರು ಸೋರಿದಲ್ಲಿ ಬಕೆಟ್ ಇಟ್ಟರು, ಬಕೆಟ್ ತುಂಬಿದಾಗ ಸುತ್ತ ಹಗ್ಗ ಕಟ್ಟಿದರು. ಬೇಕೆಂದೇ ಕೊಳೆಯಲು ಬಿಟ್ಟು, ಕೊಳೆತಿದೆ, ಕೆಡವಲು ಬಿಡಿ ಎಂದು ಪುರಸಭೆಗೆ ಅರ್ಜಿ ಕೊಟ್ಟರು. ಕೊನೆಗೆ ಉಳಿದದ್ದು ಒಂದು ವಿಗ್ ಅಂಗಡಿ, ಒಬ್ಬ ಬೀಗದ ಕೈ ಮಾಡುವವ, ಮತ್ತು ಈ ನಡೆಯುವವರು.

ಸೆಪ್ಟೆಂಬರಿನಲ್ಲಿ ಮಾಲೀಕರ ಕಡೆಯ ಕಟ್ಟಡ ಕಂಪನಿಯವರು ಊರವರನ್ನು ಕರೆದು, "ನಿಮಗೇನು ಬೇಕೋ ನೀವೇ ಹೇಳಿ" ಎಂದರು. ಗೋಡೆಯ ತುಂಬ ಚಿತ್ರ. ಒಬ್ಬೊಬ್ಬರ ಕೈಗೂ ಮೂರು ಹಸಿರು ಚುಕ್ಕಿ. ಮೆಚ್ಚಿದ ಚಿತ್ರಕ್ಕೆ ಅಂಟಿಸಬೇಕು. ಒಂದರಲ್ಲಿ ಮುದುಕ ದಂಪತಿ ನಗುತ್ತ ನಡೆಯುತ್ತಿದ್ದರು. ಕೆಳಗೆ "ನಡಿಗೆಗೆ ಜಾಗ" ಎಂದಿತ್ತು.

"ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಮೂರೂ ಇದಕ್ಕೇ!" ಎಂದು ಬರ್ನಡೀನ್ ನಡೆಯುವವರೆಲ್ಲರ ಬೆನ್ನು ಹತ್ತಿ ಅಂಟಿಸುವಂತೆ ಮಾಡಿದಳು. ಆ ದಂಪತಿಯ ಹಿಂದೆ ಸೂರಿಲ್ಲದೆ ಬರೀ ಆಕಾಶವಿದ್ದದ್ದನ್ನು ಯಾರೂ ನೋಡಲಿಲ್ಲ.

ಅಕ್ಟೋಬರಿನಲ್ಲಿ ನಡೆದ ಪುರಸಭೆಯ ಸಭೆಯಲ್ಲಿ ಕಂಪನಿಯ ಪರವಾಗಿ ಬಂದ ಟ್ರೆವರ್ ಅದೇ ಚಿತ್ರ ಎತ್ತಿ ಹಿಡಿದ. "ಅರವತ್ತಾರು ಚುಕ್ಕಿ! ಹಿರಿಯರೇ ಬಯಲ ದಾರಿ ಕೇಳಿದ್ದಾರೆ. ಮಾಲ್ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತೇವೆ, ನಡುವೆ ಸುಂದರ ಕಾಲುದಾರಿ."

"ನಮ್ಮ ಗುಂಡಿ ನಾವೇ ತೋಡಿಕೊಂಡ್ವಲ್ಲೇ ಬರ್ನಿ," ಎಂದಳು ಪಕ್ಕದಲ್ಲಿದ್ದ ಗೆಳತಿ ಒಡೆಸ್ಸಾ.

"ತೋಡಿದ್ದು ನಾವೇ ಕಣೇ. ಸಲಿಕೆ ಕೊಟ್ಟೋರು ಅವರು."

ಮಾತಾಡಲು ಒಬ್ಬರಿಗೆ ಮೂರೇ ನಿಮಿಷ. ಬರ್ನಡೀನ್ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಾವು ಕೇಳಿದ್ದು ಇರೋ ಸೂರು ಉಳಿಸಿ ಅಂತ. ಟ್ರೆವರ್, ಜನವರಿಲಿ ಬೆಳಿಗ್ಗೆ ಏಳಕ್ಕೆ ಬಾರಪ್ಪ. ನನ್ನ ಗಂಡನ ಕೈ ಹಿಡ್ಕೊಂಡು ನಿನ್ನ ಸುಂದರ ದಾರಿ ಮೇಲೆ ಒಂದು ಸುತ್ತು ಹಾಕು. ಬಿದ್ದರೆ ಎತ್ತೋಕೆ ನಾನಿರ್ತೀನಿ. ಅವನನ್ನ ಮಾತ್ರ, ನಿನ್ನನ್ನಲ್ಲ!"

ಸಭೆ ನಕ್ಕಿತು. ಟ್ರೆವರ್ ಕೂಡ ನಕ್ಕ. ಗಂಟೆ ಬಾರಿಸಿ ಅವಳನ್ನು ಕೂರಿಸಿದರು. ಎರಡರ ವಿರುದ್ಧ ಐದು ಮತಗಳಿಂದ ಕೆಡವುವ ಅರ್ಜಿ ಗೆದ್ದಿತು.

ನವೆಂಬರಿನಲ್ಲಿ ಮಾಲ್‌ಗೆ ಬೀಗ ಬಿತ್ತು. ಎಂಟು ದಿನ ಎಮಿಲ್ ಕುರ್ಚಿ ಬಿಟ್ಟೇಳಲಿಲ್ಲ. ಒಂಬತ್ತನೆಯ ದಿನ ಬಚ್ಚಲಿಗೆ ಹೋಗುವಾಗ ಅವನ ಎಡಗಾಲು ಚೀಲ ಎಳೆದಂತೆ ನೆಲಕ್ಕೆ ಉಜ್ಜಿದ ಸದ್ದು ಕೇಳಿ ಬರ್ನಡೀನ್ ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಒಡೆಸ್ಸಾಳಿಗೆ ಫೋನ್ ಮಾಡಿದಳು.

ಮರುದಿನ ಎಂಟಕ್ಕೆ ಪುರಸಭೆಯ ಬಾಗಿಲು ತೆರೆಯುತ್ತಲೇ ಇಪ್ಪತ್ತೆರಡು ಜನ ಒಳಗೆ ಬಂದು, ಕೋಟು ಕಳಚಿ, ಉದ್ದನೆಯ ಬೆಚ್ಚಗಿನ ಕಾರಿಡಾರಿನಲ್ಲಿ ನಡೆಯತೊಡಗಿದರು. ಮೂರನೆಯ ಸುತ್ತಿನಲ್ಲಿ ಪುರಸಭೆಯ ಅಧ್ಯಕ್ಷರು ಕೋಣೆಯಿಂದ ಹೊರಬಂದು ಬರ್ನಡೀನ್‌ಳನ್ನು ತಡೆದರು.

"ಮಿಸೆಸ್ ಹುಡಾಕ್, ಏನಿದೆಲ್ಲ? ಪೊಲೀಸರನ್ನ ಕರೀಬೇಕಾಗುತ್ತೆ."

"ನೀವ್ಯಾಕೆ ತೊಂದರೆ ತಗೋತೀರಿ? ಅವರ ಆಫೀಸು ಈ ಕಾರಿಡಾರಿನ ಕೊನೇಲೇ ಇದೆ. ಹೆಂಗೂ ಅಲ್ಲಿಗೇ ಹೋಗ್ತಿದ್ದೀವಿ, ಹೇಳಿ ಬರ್ತೀವಿ. ನಾಳೆನೂ ಹೇಳ್ತೀವಿ."

"ಸ್ವಲ್ಪ ಪಕ್ಕಕ್ಕೆ ಸರಿಯಿರಿ ಸರ್," ಎಂದ ಎಮಿಲ್. "ನನಗೆ ತಿರುಗೋಕೆ ಜಾಗ ಬೇಕು."

ಅಧ್ಯಕ್ಷರು ಗೋಡೆಗೆ ಒತ್ತಿ ನಿಂತರು. ಎಮಿಲ್ ಎಡಗಾಲು ಎತ್ತಿ ಇಟ್ಟು, ನಿಧಾನವಾಗಿ ತಿರುಗಿದ.